ಬಿಡಾರವೂ ಮನೆಯೂ

ಕನ್ನಡದಲ್ಲಿ ‘ಬಿಡಾರ’ ಎಂಬ ಮಾತಿಗೂ ‘ಮನೆ’ ಎಂಬ ಮಾತಿಗೂ ಬಹಳ ಅಂತರವುಂಟು. ಬಿಡಾರವನ್ನು ಹೂಡುತ್ತೇವೆ, ಕೀಳುತ್ತೇವೆ, ಮನೆಯನ್ನಾದರೋ ಕಟ್ಟುತ್ತೇವೆ. ಬಿಡಾರದಲ್ಲಿ ಇಳಿದವನನ್ನು ‘ಪ್ರಯಾಣ ಎಂದು?’ ಎಂದು ಕೇಳಬಹುದು. ಮನೆಯಲ್ಲಿರುವವನನ್ನು ಹಾಗೆ ಕೇಳುವ ಅಧಿಕಾರ ಯಾರಿಗೂ ಇಲ್ಲ. ಇವೆರಡರ ನಡುವಣ ದೂರ ಎಷ್ಟೆಂಬುದನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮಲೆನಾಡಿನ ಮೂರು ತಾಲ್ಲೂಕುಗಳ ಚರಿತ್ರೆಯಿಂದ ತಿಳಿಯಲೆತ್ನಿಸುವುದು ಈ ಭಾಷಣದ ಉದ್ದೇಶ.

ಕೆಲವು ವರ್ಷಗಳ ಕೆಳಗೆ, ಕೊಪ್ಪದಲ್ಲಿ ಬಸ್ಸಿಗಾಗಿ ಕಾದು ಕುಳಿತಿದ್ದಾಗ, ಒಬ್ಬ ಮುದುಕಿ ಒಂದು ಅರ್ಜಿಯ ಕಾಗದವನ್ನು ತಂದು, ತುಂಬಿಕೊಡಬೇಕೆಂದು ಕೇಳಿದಳು. ಹೆಸರು, ವಯಸ್ಸು, ಗಂಡನ ಹೆಸರು ಬರೆದದ್ದಾಯಿತು. ‘ಖಾಯಂ ವಿಳಾಸ’ ಎಂಬ ಕಡೆಗೆ ಬಂದಾಗ ನಾನು ಅವಳ ಮುಖ ನೋಡಿದೆ. ‘ನಲವತ್ತು ವರ್ಷ ತೋಟದ ಲೈನಿನಲ್ಲೇ ಇದ್ದೀನಿ ಅಯ್ಯಾ. ಮೈಯಲ್ಲಿ ಕೈಲಾಗೋ ತನಕ ಅದೇ ಅಂತ ಬರೀರಿ. ಆಮೇಲಿಂದು ನಂಗೆ ಗೊತ್ತಿಲ್ಲ’ ಎಂದಳು. ಅಂಥ ಉತ್ತರಕ್ಕೆ ಆ ಕಾಗದದಲ್ಲಿ ಸ್ಥಳವಿರಲಿಲ್ಲ. ನಲವತ್ತು ವರ್ಷ ಒಂದೇ ಸೂರಿನ ಕೆಳಗಿದ್ದೂ ಒಬ್ಬಳಿಗೆ ಮನೆಯಿಲ್ಲದೆ ಹೋಗುವುದು ಹೇಗೆ? ಚರಿತ್ರೆಯನ್ನು ಓದಿಸುವ ವೃತ್ತಿಯವನಾದ ನನಗೆ ಆ ಪ್ರಶ್ನೆಯ ಬೇರನ್ನು ಹುಡುಕದೆ ಇರಲಾಗಲಿಲ್ಲ.

‘ಮನೆಯಿಲ್ಲದವರು’ ಎಂದೊಡನೆ ಪಟ್ಟಣವಾಸಿಗಳಾದ ನಮ್ಮ ಕಣ್ಣಿಗೆ ಕಟ್ಟುವುದು ಅಂಗಡಿಗಳ ಜಗಲಿಯಲ್ಲಿ ಮಲಗಿದವರ ಚಿತ್ರ. ೨೦೧೧ರ ಜನಗಣತಿ ಇಂಥವರನ್ನು ಇಡೀ ಭಾರತದಲ್ಲಿ ಸುಮಾರು ೧೭ ಲಕ್ಷ ೭೩ ಸಾವಿರ ಎಂದು ಎಣಿಸಿತು. ವರ್ಷಕ್ಕೆ ನೂರು ಅಂಗುಲಕ್ಕೂ ಮಿಕ್ಕು ಮಳೆ ಬೀಳುವ ಕೊಪ್ಪ, ಶೃಂಗೇರಿಗಳಲ್ಲಿ ಆಕಾಶವನ್ನೇ ಸೂರು ಮಾಡಿಕೊಂಡು ಯಾರೂ ಬಹುಕಾಲ ಬದುಕಲಾರರು. ಅಲ್ಲಿ ಎಲ್ಲರಿಗೂ ಏನೋ ಒಂದು ಮಾಡು ಇದ್ದೇ ಇರುತ್ತದೆ. ಹಿಂದೆ ಸೋಗೆಯದು, ಈಚೆಗೆ ತಗಡಿನದು. ಆದರೆ ಮಾಡಿನ ಕೆಳಗಿನ ನೆಲ ಯಾರದು? ಕೆಲಸ ನಿಂತ ಮರುದಿನ ಅಲ್ಲಿರಲು ಯಾರ ಅಪ್ಪಣೆ ಬೇಕು? ಮಲೆನಾಡಿನಲ್ಲಿ ನೆಲೆಯಿಲ್ಲದವನು ಜನಗಣತಿಯ ಕಣ್ಣಿಗೆ ಬೀಳುವುದಿಲ್ಲ. ಅವನು ಸೂರಿನ ಕೆಳಗೇ ಅಡಗಿಕೊಂಡಿದ್ದಾನೆ.

ಜನರನ್ನು ಒಂದೆಡೆ ಶಾಶ್ವತವಾಗಿ ನೆಲೆಗೊಳಿಸುವ ವಿದ್ಯೆ ನಮ್ಮ ಹಿರಿಯರಿಗೆ ತಿಳಿಯದುದೇನೂ ಅಲ್ಲ. ಅದಕ್ಕೆ ಶೃಂಗೇರಿಯೇ ಸಾಕ್ಷಿ. ೧೩೪೬ರಲ್ಲಿ ವಿಜಯನಗರದ ಮೂಲಪುರುಷರಾದ ಹರಿಹರನೂ ಅವನ ಸೋದರರೂ ಅಲ್ಲಿಗೆ ಬಂದು, ಭಾರತೀತೀರ್ಥ ಶ್ರೀಪಾದರಿಗೂ ಅವರನ್ನು ಆಶ್ರಯಿಸಿದ್ದ ವಿದ್ವಾಂಸರಿಗೂ ಭೂಮಿಯನ್ನು ದತ್ತಿಯಾಗಿ ಕೊಟ್ಟುದನ್ನು ಅಲ್ಲಿಯ ಶಾಸನ ಹೇಳುತ್ತದೆ. ಮುಂದೆ ಎರಡನೆಯ ಹರಿಹರನ ಕಾಲದಲ್ಲಿ ವಿದ್ಯಾರಣ್ಯರ ಹೆಸರಿನಲ್ಲಿಯೇ ಒಂದು ಅಗ್ರಹಾರವಾಯಿತು. ಅಗ್ರಹಾರವೆಂದರೇನು? ಬರಿಯ ಮನೆಗಳ ಸಾಲಲ್ಲ. ಮನೆಯ ನಿವೇಶನ, ಅದರ ಜೊತೆಗೆ ಜೀವನಕ್ಕೆ ಭೂಮಿಯ ‘ವೃತ್ತಿ’, ಕಂದಾಯದ ವಿನಾಯಿತಿ, ಇವೆಲ್ಲ ಮಕ್ಕಳು ಮೊಮ್ಮಕ್ಕಳಿಗೂ ಸಲ್ಲುವಂತೆ ಕಲ್ಲಿನಲ್ಲಿ ಕೊರೆದ ಹಕ್ಕು. ನಿವೇಶನವನ್ನು ಮಾತ್ರ ಕೊಟ್ಟು ವೃತ್ತಿಯನ್ನು ಕೊಡದಿದ್ದರೆ ವಿದ್ವಾಂಸನು ನಾಲ್ಕು ತಿಂಗಳಲ್ಲಿ ಬೇರೆ ಊರನ್ನು ನೋಡಿಕೊಳ್ಳುವನೆಂಬುದನ್ನು ಆ ಅರಸರು ಬಲ್ಲರು. ಮನೆ, ಜೀವನೋಪಾಯ, ಹಕ್ಕು: ಈ ಮೂರೂ ಕೂಡಿದರೆ ನೆಲೆ. ಆರೂವರೆ ಶತಮಾನಗಳ ಹಿಂದೆಯೇ ತುಂಗೆಯ ದಡದಲ್ಲಿ ಈ ಸೂತ್ರ ತಿಳಿದಿತ್ತೆಂಬುದು ನಮ್ಮ ಹೆಮ್ಮೆ. ಅದು ಯಾರಿಗೆ ಅನ್ವಯಿಸಿತು, ಯಾರಿಗೆ ಅನ್ವಯಿಸಲಿಲ್ಲ ಎಂಬುದು ನಮ್ಮ ಸಂಕೋಚ.

ಏಕೆಂದರೆ ಆ ವೃತ್ತಿಯ ಗದ್ದೆಯನ್ನು ಉತ್ತವನ ಕಥೆ ಬೇರೆ. ರೈಸ್ ಸಾಹೇಬರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಮಲೆನಾಡಿನ ಆಳುಗಳಲ್ಲಿ ಎರಡು ಬಗೆಯನ್ನು ಹೇಳಿದ್ದಾರೆ. ಒಡೆಯನ ಮನೆತನಕ್ಕೆ ಹುಟ್ಟಿನಿಂದಲೇ ಸೇರಿದವನು ‘ಹುಟ್ಟಾಳು’. ಭೂಮಿಗೆ ಸೇರಿದವನಾಗಿ, ಭೂಮಿ ಕೈ ಬದಲಾದಾಗ ಅದರೊಡನೆ ತಾನೂ ಕೈ ಬದಲಾಗತಕ್ಕವನು ‘ಮಣ್ಣಾಳು’. ಭೂಮಿ ಅವನದಲ್ಲ, ಅವನೇ ಭೂಮಿಯವನು. ಗದ್ದೆಯ ಕೋಡಿನ ಆಚೆ, ಕಾಡಿನ ಅಂಚಿನಲ್ಲಿ ಅವನ ಗುಡಿಸಲು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ೧೯೦೪ರಲ್ಲಿ ಹುಟ್ಟಿದ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು ಓದಿದವರಿಗೆ ಬೇಲರ ಕೇರಿ ನೆನಪಿರಬಹುದು. ಅಲ್ಲಿಯೂ ಸೂರಿತ್ತು, ನೆಲೆಯಿರಲಿಲ್ಲ. ಗುಡಿಸಲು ದುಡಿಮೆಗೆ ಕೊಟ್ಟ ಕೂಲಿಯ ಒಂದು ಅಂಶ. ದುಡಿಮೆ ತಪ್ಪಿದರೆ ಗುಡಿಸಲೂ ತಪ್ಪಿತು. ಮುದುಕಿಯ ಅರ್ಜಿಯಲ್ಲಿ ಖಾಲಿಯಾಗಿ ಉಳಿದ ಜಾಗದ ಬೇರು ಇಲ್ಲಿದೆ.

ಶೃಂಗೇರಿಯ ಮಠದ ಅನ್ನದಾನವನ್ನೂ ಮಲೆನಾಡಿನ ಮನೆಗಳ ಅತಿಥಿಸತ್ಕಾರವನ್ನೂ ಇಲ್ಲಿ ಮರೆಯಲಾಗದು. ಹಸಿದು ಬಂದವನು ಉಂಡು ಹೋಗುತ್ತಿದ್ದನು; ಕತ್ತಲಾದರೆ ಜಗಲಿಯಲ್ಲಿ ಮಲಗುತ್ತಿದ್ದನು. ಆದರೆ ಛತ್ರವೂ ಜಗಲಿಯೂ ದಾರಿಹೋಕನಿಗಾಗಿ ಇರತಕ್ಕವು. ಹೋಗಲು ಊರಿರುವವನಿಗೆ ಅವು ಉಪಕಾರ; ಹೋಗಲು ಊರೇ ಇಲ್ಲದವನಿಗೆ ಅವು ಒಂದು ರಾತ್ರಿಯ ಮುಂದೂಡಿಕೆ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮಲೆನಾಡಿಗೆ ಬೇರೊಂದು ಚಿಂತೆ ಒದಗಿತು. ಮಲೇರಿಯಾ ಜ್ವರ ಊರೂರನ್ನೇ ಬರಿದು ಮಾಡುತ್ತಿತ್ತು. ೧೯೦೧ಕ್ಕೂ ೧೯೨೧ಕ್ಕೂ ನಡುವೆ ಆಗಿನ ಕಡೂರು ಜಿಲ್ಲೆಯ ಜನಸಂಖ್ಯೆ ಬೆಳೆಯುವ ಬದಲು ಇಳಿಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ೧೯೧೨ರಿಂದ ೧೯೧೮ರವರೆಗಿನ ಅವಧಿಯಲ್ಲಿ ಮೈಸೂರು ಸರ್ಕಾರದವರು ಮಲೆನಾಡಿನ ಅಭಿವೃದ್ಧಿಗೆಂದೇ ಒಂದು ಯೋಜನೆಯನ್ನು ಕೈಗೊಂಡರು. ಯಡೇಹಳ್ಳಿ ಎಂಬ ಊರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ತಾಳಿ ನರಸಿಂಹರಾಜಪುರವಾದದ್ದೂ, ತರೀಕೆರೆಯಿಂದ ಅಲ್ಲಿಗೆ ಸಣ್ಣ ಹಳಿಯ ಟ್ರಾಮ್ ಬಂದದ್ದೂ ಆ ದಶಕದಲ್ಲಿಯೇ. ಆಗ ಸರ್ಕಾರಕ್ಕೆ ಬೇಕಾಗಿದ್ದುದು ಜನ, ಭೂಮಿಗೆ ಕೊರತೆಯಿರಲಿಲ್ಲ. ಸ್ವಾತಂತ್ರ್ಯಾನಂತರ, ೧೯೫೩ರಲ್ಲಿ ಮೊದಲಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯದಿಂದ ಜ್ವರ ಹಿಮ್ಮೆಟ್ಟಿತು, ತೋಟಗಳು ಹಬ್ಬಿದುವು, ಕೂಲಿಗೆಂದು ಘಟ್ಟದ ಕೆಳಗಿನಿಂದಲೂ ಹೊರನಾಡುಗಳಿಂದಲೂ ಜನ ಬಂದರು. ಜನ ಹೆಚ್ಚಿದರು; ಅವರಿಗೆ ದೊರೆಯಬಹುದಾದ ನೆಲ ಮಾತ್ರ ಬರಬರುತ್ತ ಕಿರಿದಾಯಿತು.

ಇತ್ತ ರಾಜಧಾನಿಯ ಕಡೆ ನೆಲೆಯಿಲ್ಲದವರ ವಿಷಯದಲ್ಲಿ ಇನ್ನೊಂದು ದೃಷ್ಟಿ ರೂಪುಗೊಂಡಿತು. ೧೯೪೪ರಲ್ಲಿ ಮೈಸೂರು ಸಂಸ್ಥಾನವು ಭಿಕ್ಷಾಟನೆಯ ನಿಷೇಧದ ಕಾಯಿದೆಯನ್ನು ಮಾಡಿತು. ಬೀದಿಯಲ್ಲಿ ಬೇಡುವವರನ್ನು ಹಿಡಿದು ತಂದು, ಅನ್ನ ಬಟ್ಟೆ ಕೊಟ್ಟು, ಕೆಲಸ ಕಲಿಸಿ ಸರಿಪಡಿಸಬೇಕೆಂಬುದು ಇಂಥ ಕಾಯಿದೆಗಳ ಉದ್ದೇಶ. ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ ಈ ದೃಷ್ಟಿಯ ಫಲ. ೧೯೭೫ರಲ್ಲಿ ಹಳೆಯ ಕಾಯಿದೆಗೆ ಬದಲಾಗಿ ಕರ್ನಾಟಕದ ಹೊಸ ಕಾಯಿದೆ ಬಂದಿತು. ಅದರ ವೆಚ್ಚಕ್ಕೆ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಮೂರರಂತೆ ಕರ ಕೂಡಿತು. ಉದ್ದೇಶದಲ್ಲಿ ಕರುಣೆಯಿತ್ತೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ವಿಚಾರದ ಕ್ರಮವನ್ನು ಗಮನಿಸಬೇಕು: ಮೊದಲು ಹಿಡಿ, ಆಮೇಲೆ ತಿದ್ದು, ಕೊನೆಗೆ ಬಿಡು. ಬಿಟ್ಟಮೇಲೆ ಅವನು ಎಲ್ಲಿಗೆ ಹೋಗಬೇಕು? ಅದೇ ಬೀದಿಗೆ. ಅವನ ದೋಷ ಮನೆಯಿಲ್ಲದಿರುವುದೋ, ಬೇಡುವುದೋ ಎಂಬುದನ್ನು ವಿಚಾರಿಸದೆ ಬೇಡುವುದಕ್ಕೆ ಮಾತ್ರ ಚಿಕಿತ್ಸೆ ನಡೆಯಿತು. ೨೦೧೦ರ ಆಗಸ್ಟ್ ತಿಂಗಳಿನಲ್ಲಿ ಆ ಕೇಂದ್ರದಲ್ಲಿ ಕೆಲವೇ ದಿನಗಳೊಳಗೆ ಅನೇಕ ನಿವಾಸಿಗಳು ಮರಣಹೊಂದಿದ ಸುದ್ದಿ ನಾಡನ್ನೆಲ್ಲ ಕಲಕಿತು. ಬಾಗಿಲು ಹೊರಗಿನಿಂದ ಹಾಕಿಕೊಳ್ಳುವ ಕಟ್ಟಡ ಮನೆಯಾಗದು ಎಂಬುದನ್ನು ಕಲಿಯಲು ಅಷ್ಟು ಬೆಲೆ ತೆರಬೇಕಾಯಿತು.

ಅದೇ ೨೦೧೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೊಡ್ಡ ನಗರಗಳಲ್ಲಿ ಲಕ್ಷ ಜನಕ್ಕೊಂದರಂತೆ ಆಶ್ರಯತಾಣಗಳು ಇರಬೇಕೆಂದು ವಿಧಿಸಿತು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವೂ ಅದೇ ಅಳತೆಯನ್ನು ಹಿಡಿಯಿತು. ಬಹಳ ಒಳ್ಳೆಯ ಕೆಲಸ. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ಪಟ್ಟಣಗಳ ಜನರನ್ನು ಕೂಡಿಸಿದರೂ ಲಕ್ಷದ ಹತ್ತಿರಕ್ಕೆ ಬಾರದು. ನಗರದ ಅಳತೆಗೋಲು ಮಲೆನಾಡಿಗೆ ನಿಲುಕುವುದಿಲ್ಲ.

ಮಲೆನಾಡಿನ ಆಳಿನ ಗುಡಿಸಲನ್ನು ಮನೆಯನ್ನಾಗಿ ಮಾಡಲು ನಡೆದ ನಿಜವಾದ ಪ್ರಯತ್ನ ದೇವರಾಜ ಅರಸರ ಕಾಲದ ಭೂಸುಧಾರಣೆ. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಗೇಣಿಯ ಭೂಮಿ ಉಳುವವನಿಗೆ ಸಲ್ಲುವಂತಾಯಿತೆಂಬುದನ್ನು ಎಲ್ಲರೂ ಬಲ್ಲರು. ಅದೇ ಕಾಯಿದೆಯ ೩೮ನೆಯ ಪ್ರಕರಣವನ್ನು ಬಲ್ಲವರು ಕಡಮೆ. ಅನ್ಯರ ಜಮೀನಿನಲ್ಲಿ ವಾಸಮಾಡಿಕೊಂಡಿರುವ ವ್ಯವಸಾಯದ ಕೂಲಿಗಾರನು ಆ ವಾಸದ ಮನೆಗೂ ಅದರ ನಿವೇಶನಕ್ಕೂ ತಾನೇ ಒಡೆಯನೆಂದು ದಾಖಲು ಮಾಡಿಸಿಕೊಳ್ಳಬಹುದೆಂದು ಅದು ಹೇಳುತ್ತದೆ. ಹುಟ್ಟಾಳು ಮಣ್ಣಾಳುಗಳ ಸಂತತಿಗೆ ಕಾನೂನು ಕೊಟ್ಟ ಮೊದಲ ‘ಖಾಯಂ ವಿಳಾಸ’ ಇದೇ ಎನ್ನಬೇಕು. ೧೯೭೬ರಲ್ಲಿ ಜೀತಪದ್ಧತಿಯ ರದ್ದಿಯಾತಿಯ ಕಾಯಿದೆಯೂ ಬಂದು ಇದಕ್ಕೆ ಜೊತೆಗೂಡಿತು.

ಆದರೆ ಕಾಯಿದೆಯ ಪುಟಗಳನ್ನು ಇನ್ನಷ್ಟು ಮುಂದಕ್ಕೆ ತಿರುವಿದರೆ ೧೦೪ನೆಯ ಪ್ರಕರಣ ಸಿಕ್ಕುತ್ತದೆ. ಕಾಫಿ, ಟೀ, ಏಲಕ್ಕಿ, ಮೆಣಸು, ರಬ್ಬರು ಮೊದಲಾದ ಪ್ಲಾಂಟೇಷನ್ನುಗಳಿಗೆ ೩೮ನೆಯ ಪ್ರಕರಣ ಅನ್ವಯಿಸತಕ್ಕದ್ದಲ್ಲ ಎಂದು ಅದು ಹೇಳಿತು. ಗದ್ದೆಯ ಅಂಚಿನ ಗುಡಿಸಲು ಮನೆಯಾಗಬಹುದಾಗಿತ್ತು. ಕಾಫಿ ತೋಟದ ಬೇಲಿಯೊಳಗಿನ ಲೈನು ಆಗುವಂತಿರಲಿಲ್ಲ. ತೋಟದ ಕೂಲಿಗಾರರಿಗೆ ೧೯೫೧ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯಿದ್ದಿತು. ಮಾಲೀಕನು ಅವರಿಗೆ ವಸತಿಯನ್ನು ಒದಗಿಸಬೇಕೆಂದು ಅದು ವಿಧಿಸಿತು. ಎಷ್ಟೋ ತೋಟಗಳಲ್ಲಿ ಇದರಿಂದ ಗಟ್ಟಿ ಗೋಡೆಗಳೂ ಹೆಂಚಿನ ಮಾಡುಗಳೂ ಬಂದುವೆಂಬುದು ನಿಜ. ಆದರೆ ಆ ಹಕ್ಕು ಕೂಲಿಗಾರನಿಗೆ ಕೂಲಿಗಾರನಾಗಿರುವ ತನಕ. ಕೈ ಸೋತ ದಿನ, ಮಗನೋ ಸೊಸೆಯೋ ಅದೇ ತೋಟದಲ್ಲಿ ದುಡಿಯದಿದ್ದರೆ, ಗೋಡೆ ಎಷ್ಟು ಗಟ್ಟಿಯಾಗಿದ್ದರೇನು? ಗುಡಿಸಲು ಲೈನಾಯಿತು, ಬಿಡಾರ ಬಿಡಾರವಾಗಿಯೇ ಉಳಿಯಿತು. ನಾನು ಕಂಡ ಮುದುಕಿ ೩೮ಕ್ಕೂ ೧೦೪ಕ್ಕೂ ನಡುವೆ ಸಿಕ್ಕಿಕೊಂಡವಳು.

ನೆಲೆ ತಪ್ಪಿದ ಇನ್ನೊಂದು ವರ್ಗದವರೂ ಈ ನಾಡಿನಲ್ಲಿದ್ದಾರೆ: ನಾಡಿನ ಹಿತಕ್ಕಾಗಿ ಊರು ಬಿಟ್ಟವರು. ೧೯೪೭ರಲ್ಲಿ ಲಕ್ಕವಳ್ಳಿಯ ಬಳಿ ಭದ್ರಾ ಅಣೆಕಟ್ಟಿನ ಕೆಲಸ ಆರಂಭವಾಗಿ ೧೯೬೦ರ ದಶಕದಲ್ಲಿ ಮುಗಿಯಿತು. ಅದರ ಹಿನ್ನೀರು ನರಸಿಂಹರಾಜಪುರದ ಅಂಚಿನವರೆಗೂ ಹರಡಿ ಹೊಲ ಮನೆಗಳನ್ನು ಮುಳುಗಿಸಿತು. ನೆರೆಯ ಶಿವಮೊಗ್ಗ ಜಿಲ್ಲೆಯಲ್ಲಿ ೧೯೬೪ರ ಲಿಂಗನಮಕ್ಕಿಯ ಜಲಾಶಯ ಎಬ್ಬಿಸಿದ ಶರಾವತಿಯ ಸಂತ್ರಸ್ತರ ಕಥೆ ಇನ್ನೂ ಕಹಿ. ಅವರನ್ನು ತಂದು ಬಿಟ್ಟ ನೆಲ ದಾಖಲೆಗಳಲ್ಲಿ ಅರಣ್ಯವಾಗಿಯೇ ಉಳಿದುದರಿಂದ, ಅವರ ಮೊಮ್ಮಕ್ಕಳೂ ಹಕ್ಕುಪತ್ರಕ್ಕಾಗಿ ಕಛೇರಿಗಳನ್ನು ಸುತ್ತಬೇಕಾಯಿತು. ಅಲ್ಲಿ ಮನೆ ಕಟ್ಟಿದ್ದಾರೆ, ಉಳುತ್ತಿದ್ದಾರೆ, ಹಕ್ಕೊಂದು ಇಲ್ಲ. ಶೃಂಗೇರಿಯ ಶಾಸನದ ಮೂರು ಅಂಶಗಳಲ್ಲಿ ಒಂದು ಕೊರೆಯಾದರೂ ನೆಲೆ ನಿಲ್ಲದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಮೂರೂ ಕೂಡಿದರೆ ಏನಾಗುವುದೆಂಬುದಕ್ಕೂ ಹತ್ತಿರದಲ್ಲಿಯೇ ನಿದರ್ಶನವುಂಟು. ೧೯೭೪ರಲ್ಲಿ ಭದ್ರಾ ಅಭಯಾರಣ್ಯವೆಂದು ಹೆಸರಾದ ಕಾಡಿನೊಳಗೆ ಹನ್ನೊಂದು ಹಳ್ಳಿಗಳಿದ್ದುವು. ಕಾಡುಪ್ರಾಣಿಗಳ ಕಾಟ, ದಾರಿಯಿಲ್ಲ, ವಿದ್ಯುತ್ತಿಲ್ಲ, ಆಸ್ಪತ್ರೆ ದೂರ. ೨೦೦೧–೦೨ರಲ್ಲಿ ಅಲ್ಲಿಯ ೪೧೯ ಕುಟುಂಬಗಳು ಹೊರಬಂದುವು. ಹೆಚ್ಚಿನವರು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೂ, ಕೆಲವರು ಚಿಕ್ಕಮಗಳೂರಿನ ಕಡೆಯ ಕೆಳಗೂರಿಗೂ ಹೋದರು. ಭಾರತದಲ್ಲಿ ಇಂಥ ಸ್ಥಳಾಂತರಗಳ ಚರಿತ್ರೆ ಬಹುಮಟ್ಟಿಗೆ ಕಣ್ಣೀರಿನದು. ಇದನ್ನು ಮಾತ್ರ ಸಂಶೋಧಕರು ಸಫಲವಾದ ಕೆಲವೇ ಪ್ರಯತ್ನಗಳಲ್ಲಿ ಒಂದೆಂದು ಎಣಿಸಿದ್ದಾರೆ. ಕಾರಣಗಳು ಗೂಢವಾದುವಲ್ಲ. ಮನೆಯ ನಿವೇಶನದ ಜೊತೆಗೆ ಸಾಗುವಳಿಯ ಜಮೀನು ದೊರೆಯಿತು. ದಾರಿ, ಶಾಲೆ, ವಿದ್ಯುತ್ತು ಒದಗಿದುವು. ಎದ್ದ ಹಳ್ಳಿಯವರು ಚದರಿಹೋಗದೆ ನೆರೆಹೊರೆಯಾಗಿಯೇ ಉಳಿಯುವುದು ಸಾಧ್ಯವಾಯಿತು. ಸರ್ಕಾರದ ಅಧಿಕಾರಿಗಳೂ ಸ್ಥಳೀಯ ಪರಿಸರಪ್ರಿಯರೂ ವರ್ಷಗಟ್ಟಲೆ ಜನರೊಡನೆ ಕುಳಿತು ಮಾತನಾಡಿದರು. ಅಭಯಾರಣ್ಯದ ಹೆಸರಿಗೂ ಈ ಕಾರ್ಯಕ್ಕೂ ನಡುವೆ ಇಪ್ಪತ್ತೇಳು ವರ್ಷ ಹಿಡಿಯಿತೆಂಬುದನ್ನೂ ಮರೆಯಬಾರದು. ಅಲ್ಲಿಯೂ ಎಲ್ಲರೂ ಸಂತುಷ್ಟರಲ್ಲ. ಹುಟ್ಟಿದ ಊರನ್ನು ಬಿಟ್ಟ ದುಃಖಕ್ಕೆ ಪರಿಹಾರಧನದ ಪಟ್ಟಿಯಲ್ಲಿ ಅಂಕಣವಿಲ್ಲ. ಆದರೂ ಆ ಜನ ಇಂದು ತಮ್ಮ ವಿಳಾಸವನ್ನು ತಡವರಿಸದೆ ಹೇಳಬಲ್ಲರು.

ಇದೇ ಕಾಲದಲ್ಲಿ ಶೃಂಗೇರಿಯ ಕಡೆಯ ಕಾಡಂಚಿನಲ್ಲಿ ಬೇರೆ ಗಾಳಿ ಬೀಸುತ್ತಿತ್ತು. ೧೯೮೭ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಎಲ್ಲೆಯೊಳಗೆ ತಲೆತಲಾಂತರದಿಂದ ಇದ್ದ ಗಿರಿಜನರೂ ಇತರರೂ ತಮ್ಮನ್ನು ಎಲ್ಲಿಗೆ ಎತ್ತಂಗಡಿ ಮಾಡುವರೋ ಎಂಬ ಭಯದಲ್ಲಿ ದಿನ ಕಳೆದರು. ಅನಿಶ್ಚಯದಿಂದ ಅಸಮಾಧಾನ ಹುಟ್ಟಿತು. ಕಾಡಿನಲ್ಲಿ ಬಂದೂಕಿನ ಸದ್ದೂ ಕೇಳಿಬಂದಿತು. ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆ ಗಿರಿಜನರಿಗೆ ಒಂದು ದಾರಿಯನ್ನು ತೆರೆಯಿತು. ಗಿರಿಜನರಲ್ಲದವರಿಗೆ ಎಪ್ಪತ್ತೈದು ವರ್ಷಗಳ ವಾಸದ ಸಾಕ್ಷ್ಯವನ್ನು ಕೇಳಿತು. ಓದುಬರೆಹವಿಲ್ಲದ ಮನೆತನದಲ್ಲಿ ಎಪ್ಪತ್ತೈದು ವರ್ಷದ ಕಾಗದ ಎಲ್ಲಿಂದ ಬರಬೇಕು? ಸರ್ಕಾರಿ ನೆಲದಲ್ಲಿ ಕಟ್ಟಿಕೊಂಡ ವಾಸದ ಮನೆಗಳನ್ನು ಸಕ್ರಮಗೊಳಿಸಲು ಕಂದಾಯ ಕಾಯಿದೆಗೆ ೯೪–ಸಿ ಎಂಬ ಪ್ರಕರಣ ಸೇರಿತು. ಆದರೆ ಮಲೆನಾಡಿನಲ್ಲಿ ಬಹಳಷ್ಟು ನೆಲ ‘ಪರಿಭಾವಿತ ಅರಣ್ಯ’ವೆಂಬ ಪಟ್ಟಿಗೆ ಸೇರಿದ್ದುದರಿಂದ ಪಂಚಾಯತಿಗಳಿಗೆ ನಿವೇಶನ ಹಂಚಲು ನೆಲವೇ ದೊರೆಯದಾಯಿತು. ರಾಜ್ಯದಲ್ಲಿ ಸುಮಾರು ೯ ಲಕ್ಷ ೯೪ ಸಾವಿರ ಹೆಕ್ಟೇರು ಇದ್ದ ಆ ಪಟ್ಟಿಯನ್ನು ೨೦೨೨ರಲ್ಲಿ ಸುಮಾರು ೩ ಲಕ್ಷ ೩೦ ಸಾವಿರಕ್ಕೆ ಇಳಿಸಿದರು. ೧೯೯೧–೯೨ರ ಆಶ್ರಯ ಯೋಜನೆಯಿಂದ ಮೊದಲುಗೊಂಡು ಮನೆ ಕಟ್ಟಲು ಹಣ ಕೊಡುವ ಯೋಜನೆಗಳಿಗೆ ಬರವಿರಲಿಲ್ಲ. ಆದರೆ ಆ ಹಣ ನಿವೇಶನವುಳ್ಳವನಿಗೆ ದೊರೆಯತಕ್ಕದ್ದು. ಗೋಡೆಗೆ ಸಹಾಯವಿದ್ದಿತು, ಗೋಡೆ ನಿಲ್ಲಿಸಲು ನೆಲವಿರಲಿಲ್ಲ.

ಹೊರನಾಡುಗಳಲ್ಲಿ ಈ ಪ್ರಶ್ನೆಗೆ ಯಾವ ಉತ್ತರ ದೊರೆತಿದೆ? ೧೯೯೨ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು ರೂಢಿಯ ಕ್ರಮವನ್ನು ತಲೆಕೆಳಗು ಮಾಡಿದರು. ಬೀದಿಯಲ್ಲಿದ್ದವನು ಕುಡಿತ ಬಿಡಲಿ, ಔಷಧಿ ತೆಗೆದುಕೊಳ್ಳಲಿ, ನಡತೆ ತಿದ್ದಿಕೊಳ್ಳಲಿ, ಆಮೇಲೆ ಮನೆ ಕೊಡೋಣ ಎಂಬುದು ಅಲ್ಲಿಯವರೆಗಿನ ಕ್ರಮ. ಮೊದಲು ಮನೆ ಕೊಡೋಣ, ಉಳಿದುದೆಲ್ಲ ಅಲ್ಲಿ ಕುಳಿತು ನೋಡೋಣ ಎಂದರು ಅವರು. ಫಿನ್‌ಲೆಂಡ್ ದೇಶದವರು ೨೦೦೮ರಿಂದ ಇದನ್ನೇ ರಾಷ್ಟ್ರದ ನೀತಿಯಾಗಿ ಅಂಗೀಕರಿಸಿದರು. ರಾತ್ರಿಯ ತಂಗುದಾಣಗಳನ್ನು ಒಂದೊಂದಾಗಿ ಮುಚ್ಚಿ, ಅವನ್ನೇ ಬಾಗಿಲು ಬೀಗಗಳುಳ್ಳ ಪ್ರತ್ಯೇಕ ಮನೆಗಳನ್ನಾಗಿ ಮಾರ್ಪಡಿಸಿ, ಬಾಡಿಗೆಯ ಕರಾರನ್ನು ನಿವಾಸಿಯ ಹೆಸರಿನಲ್ಲಿಯೇ ಬರೆದರು. ಬೇಕಾದಾಗ ಬಂದು ನೋಡುವ ಸಹಾಯಕರನ್ನೂ ನೇಮಿಸಿದರು. ೨೦೧೫ರ ವೇಳೆಗೆ ಅಲ್ಲಿ ದೀರ್ಘಕಾಲ ಮನೆಯಿಲ್ಲದಿದ್ದವರ ಸಂಖ್ಯೆ ಮೂರನೆಯ ಒಂದು ಭಾಗಕ್ಕೂ ಹೆಚ್ಚಾಗಿ ತಗ್ಗಿತು. ೧೯೪೪ರ ನಮ್ಮ ಕಾಯಿದೆ ಕೊನೆಗೆ ಇರಿಸಿ ಮರೆತುಬಿಟ್ಟುದನ್ನು ಅವರು ಮೊದಲಿಗೆ ಇರಿಸಿದರು; ಅಂತರವಿಷ್ಟೆ.

ಫಿನ್‌ಲೆಂಡಿನ ಹಣವಾಗಲಿ ಹವೆಯಾಗಲಿ ನಮ್ಮದಲ್ಲ. ಅವರ ಯೋಜನೆಯನ್ನು ಕೊಪ್ಪಕ್ಕೆ ಹಾಗೆಯೇ ತಂದು ನೆಡಬೇಕೆಂದು ನಾನು ಹೇಳುತ್ತಿಲ್ಲ. ತರಬೇಕಾದ ಅಗತ್ಯವೂ ಇಲ್ಲ. ಸೂತ್ರ ಶೃಂಗೇರಿಯಲ್ಲಿಯೇ ಇದೆ. ಯಾರೂ ಕಿತ್ತುಕೊಳ್ಳಲಾಗದ ಒಂದು ತುಂಡು ನೆಲ, ನಡೆದು ಹೋಗುವಷ್ಟು ದೂರದಲ್ಲಿ ಜೀವನೋಪಾಯ, ಇವೆರಡಕ್ಕೂ ಕಾವಲಾಗಿ ಬರೆದುಕೊಟ್ಟ ಹಕ್ಕು. ಇವುಗಳಿಗೆ ನಮ್ಮ ಕಾಲ ಕೂಡಿಸಬೇಕಾದ ನಾಲ್ಕನೆಯದೊಂದುಂಟು: ಬೀಗದ ಕೈ ಕೊಟ್ಟ ಮೇಲೆಯೂ ಬಾಗಿಲಿಗೆ ಬಂದು ವಿಚಾರಿಸುವವರು. ಮುದುಕಿಗೆ ಮನೆಯೊಂದೇ ಸಾಲದು; ಪಿಂಚಣಿಯ ಕಾಗದ ಯಾರು ತುಂಬಬೇಕು, ಆಷಾಢದ ಮಳೆಯಲ್ಲಿ ಜ್ವರ ಬಂದರೆ ಆಸ್ಪತ್ರೆಗೆ ಯಾರು ಒಯ್ಯಬೇಕು? ಇದು ಕಟ್ಟಡದ ಲೆಕ್ಕಕ್ಕೆ ಬಾರದ ಖರ್ಚು. ಆದರೆ ಇದನ್ನು ಉಳಿಸಿದಲ್ಲೆಲ್ಲ ಮನೆ ಮತ್ತೆ ಖಾಲಿಯಾದುದನ್ನು ಕಾಣುತ್ತೇವೆ.

ಅರಸರು ವಿದ್ವಾಂಸನಿಗೆ ಹೀಗೆ ಕೊಟ್ಟಾಗ ಅದನ್ನು ದಾನವೆಂದರು, ಧರ್ಮವೆಂದರು. ನಾಡಿನ ಕೀರ್ತಿಯೆಂದು ಕಲ್ಲಿನಲ್ಲಿ ಬರೆದರು. ಕೂಲಿಗಾರನಿಗೆ ಕೊಡಬೇಕಾದಾಗ ನಾವು ಅದನ್ನು ಹೊರೆಯೆನ್ನುತ್ತೇವೆ, ಅತಿಕ್ರಮಣವೆನ್ನುತ್ತೇವೆ. ವಿದ್ವಾಂಸನು ಊರಿಗೆ ಬೇಕಾದವನಾಗಿದ್ದನು, ನಿಜ. ನಲವತ್ತು ವರ್ಷ ಕಾಫಿ ಕೊಯ್ದವಳು ಬೇಡವಾದವಳೇ? ಬೆಳಗ್ಗೆ ಎದ್ದು ಕಾಫಿಯ ಲೋಟವನ್ನು ಕೈಗೆತ್ತಿಕೊಳ್ಳುವ ನಾವು ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು.

ಆ ದಿನ ಮುದುಕಿಯ ಅರ್ಜಿಯಲ್ಲಿ ಖಾಯಂ ವಿಳಾಸದ ಕಡೆ ನಾನು ತೋಟದ ಹೆಸರನ್ನೇ ಬರೆದುಕೊಟ್ಟೆ. ಅವಳು ಕಾಗದವನ್ನು ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು. ಬರೆದದ್ದು ಸುಳ್ಳೆಂಬುದು ಇಬ್ಬರಿಗೂ ಗೊತ್ತಿತ್ತು.